ಕಡ್ಲಿ ರಾಶಿಗೆ ಬಂದ ಇಂಗ್ಲೆಂಡಿನ ಗಾಡಿ

"ರೋಣ ಊರಿಗೆ ಹಿಂಗ ಹೋಗಬೇಕೇನ್ರಿ?" ಅಂತ ಕಿಟಕಿಯಿಂದ ಕೇಳಿದೆ. ಟ್ರ್ಯಾಕ್ಟರ್ ಮೇಲಿದ್ದ ರೈತರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊನೆಗೆ ಬಗ್ಗಿ ಕೆಳಗೆ ನೋಡಿ, "ಯವ್ವಾ, ಕುಂತ ಹೊಡಿಯಾಕತ್ತೀರೋ, ಮಲಗಿ ಹೊಡಿಯಾಕತ್ತೀರೋ?" ಅಂದರು.

ಇಂಥ ಫಜೀತಿಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ. ಹತ್ತಾರು ದೇಶಗಳಲ್ಲಿ ದಾರಿ ತಪ್ಪಿದ್ದೇನೆ, ಯಾವಗಲ್ ಊರಿನ ಹತ್ತಿರ ತಪ್ಪಿದ್ದು ದೊಡ್ಡದಲ್ಲ. ಈ ಸಲ ಹೊಸದಾಗಿ ಬಂದದ್ದು ಹೆದರಿಕೆ. ಕಾರು ನನ್ನದಲ್ಲ, ಹುಬ್ಬಳ್ಳಿಯ ಗೆಳತಿಯದು. ಇಂಗ್ಲೆಂಡಿನಲ್ಲಿ ತಯಾರಾದದ್ದು. ಬೆನ್ನ ಹಿಂದೆ ಇಂಜಿನ್, ಮೂರು ಎಣಿಸುವುದರೊಳಗೆ ನೂರರ ವೇಗ, ತಳ ನೆಲದಿಂದ ಒಂದು ಗೇಣೂ ಮೇಲಿಲ್ಲ. ಗಜೇಂದ್ರಗಡದಲ್ಲಿ ಅವಳ ಅಣ್ಣನ ಮಗನ ಮದುವೆ. ಮೆರವಣಿಗೆಗೆ ಒಯ್ದು ಮರುದಿನ ಮರಳಿ ತರಬೇಕು. ಕೈ ಮುರಿದುಕೊಂಡು ಕೂತಿದ್ದ ಗೆಳತಿ ಕೀಲಿ ಕೊಡುವಾಗ ಹೇಳಿದ್ದು ಇಷ್ಟೇ: "ತಳಾ ಕಾರ್ಬನ್ ಫೈಬರಿಂದು. ಒಡೀತಂದ್ರ ಇಲ್ಲಿ ಯಾರೂ ರಿಪೇರಿ ಮಾಡಂಗಿಲ್ಲ. ನನಗ ಫೋನ್ ಮಾಡಬ್ಯಾಡ, ಸೀದಾ ದೇಶಾ ಬಿಟ್ಟು ಹೋಗು."

"ರಸ್ತಾ ಭಾಳ ಚಲೋ ಐತ್ರಿ," ಅಂದರು ಟ್ರ್ಯಾಕ್ಟರಿನವರು. "ಸವಡಿತನಕ ಹಂಪ್ಸ್ ಅದಾವು, ಅಷ್ಟ."

"ಎಷ್ಟದಾವ್ರಿ?"

"ಯಾರ್ ಎಣಿಸ್ಯಾರ್ರಿ? ನಮ್ಮ ಗಾಡಿಗೆ ಅವು ಗೊತ್ತ ಆಗೂದಿಲ್ಲ!"

ಮೂತಿ

ಕಾರಿನ ಮೂತಿ ಎತ್ತಲು ಒಂದು ಗುಂಡಿ ಇದೆ. ಒತ್ತಿದರೆ ನಾಲ್ಕು ಬೆರಳು ಮೇಲೇಳುತ್ತದೆ, ಅದೂ ಅದಕ್ಕೆ ಮನಸ್ಸು ಬಂದರೆ. ಹಂಪ್ಸ್ ಬಂದಾಗಲೆಲ್ಲ ನಿಲ್ಲಿಸಿ, ಗುಂಡಿ ಒತ್ತಿ, ಉಸಿರು ಹಿಡಿದು, ಓರೆಯಾಗಿ ದಾಟಿಸುತ್ತಿದ್ದೆ. ಮೂರನೆಯ ಹಂಪ್ಸಿನಲ್ಲಿ ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದೇ ಬಂದರು. "ಅಕ್ಕಾರ, ನೀವ್ ಇಳದ ನಡೀರಿ. ಗಾಡೀನ ನಮ್ಮ ಪ್ಯಾಸೆಂಜರ್ ಮಂದಿ ಎತ್ತಿ ಆಕಡೆ ಇಡ್ತಾರ. ನಮಗ ಟೈಮಾಗೇತಿ!"

ಹೊಗೆ

ಸವಡಿ ಹತ್ತಿರ ಬಂದಾಗ ಡಾಂಬರು ರಸ್ತೆಯೇ ಕಾಣಲಿಲ್ಲ. ಒಣಗಿದ ಕಡ್ಲಿ ಗಿಡಗಳನ್ನು ಉದ್ದಕ್ಕೂ ಹಾಸಿದ್ದರು. ಹೋಗಿ ಬರುವ ಗಾಡಿಗಳು ತುಳಿದರೆ ಕಾಳು ತಾನೇ ಉದುರುತ್ತದೆ. ಎತ್ತು ಕಟ್ಟುವುದು ಬೇಡ, ಮಷೀನಿಗೆ ಕಾಯುವುದು ಬೇಡ. ಎರಡೂ ಬದಿಗೆ ಕಪ್ಪು ಮಣ್ಣಿನ ಎರಿ ಹೊಲ, ಸರಿಯಲು ಜಾಗವಿಲ್ಲ. ಮೆಲ್ಲಗೆ ಹತ್ತಿಸಿದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ತಳದಲ್ಲಿ ಕರಕರ ಸದ್ದು, ಹಿಂದಿನಿಂದ ಸುಟ್ಟ ವಾಸನೆ, ಆಮೇಲೆ ಹೊಗೆ. ಬೆಂಕಿಯಂತೆ ಕಾದ ಸೈಲೆನ್ಸರಿಗೆ ಒಣ ಕಡ್ಲಿ ಸಿಕ್ಕಿಕೊಂಡಿತ್ತು!

ಇಳಿದೆ. ರಾಶಿಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ನೀರಿನ ಕೊಡ ಎತ್ತಿಕೊಂಡು ಓಡಿಬಂದು ಹೊಗೆಗೆ ಸುರಿದಳು. ಅವಳ ಸೊಸೆ ಕುಡಗೋಲು ಹಿಡಿದು ಕಾರಿನ ಕೆಳಗೆ ಕೈ ಹಾಕಿದಳು.

"ಕುಡಗೋಲ್ ಬ್ಯಾಡವಾ! ತಳಾ ಗೀರತೈತಿ!" ಅಂತ ಕೂಗಿದೆ.

"ಸುಟ್ಟ ಹೋದ್ರ ತಳಾ ಎಲ್ಲಿ ಉಳೀತೈತ್ರಿ?" ಅಂದಳು ಸೊಸೆ. ಆದರೂ ಕುಡಗೋಲು ಬಿಸಾಕಿ, ರಸ್ತೆಯ ಮೇಲೆ ಮಲಗಿ, ಬರಿಗೈಯಲ್ಲಿ ಒಂದೊಂದೇ ಗಿಡ ಎಳೆದು ತೆಗೆದಳು. ಕೈಯೆಲ್ಲ ತರಚಿತು. ತಳಕ್ಕೆ ಒಂದು ಗೀರೂ ಬೀಳಲಿಲ್ಲ.

ಮದುವೆ ಮುಗಿಸಿ ನಾಳೆ ಇದೇ ದಾರಿಯಲ್ಲಿ ಮರಳುತ್ತೇನೆ ಅಂತ ಹೇಳುತ್ತ ನಾನು ಪರ್ಸ್ ತೆಗೆದೆ. ಅಜ್ಜಿಗೆ ಸಿಟ್ಟು ಬಂತು. "ರೊಕ್ಕಾ ಯಾರಿಗೆ ಬೇಕ? ನಾಳಿ ಬರೂಮುಂದ ಹತ್ತು ಸುತ್ತು ತುಳಿಸಿ ಹೋಗು. ಟೈರ್ ಚಲೋ ಅಗಲ ಅದಾವು."

"ಖರೇನ ಬರ್ತೀನಿ," ಅಂದೆ.

ಅಜ್ಜಿ ನನ್ನ ಮುಖ ನೋಡಿದಳು, ಕಾರು ನೋಡಿದಳು. ಆಮೇಲೆ ನನ್ನ ತಂಪು ಕನ್ನಡಕ ಕಳಚಿ ಸೆರಗಿಗೆ ಕಟ್ಟಿಕೊಂಡಳು. "ಇದು ನನ್ನ ಹತ್ರ ಇರಲಿ."

ಬಾಲ

ಅತ್ತೆ ಸೊಸೆ ಗಿಡ ಸರಿಸಿ ದಾರಿ ಮಾಡಿಕೊಟ್ಟರು. ಮುಂದೆ ಪುರ್ತಗೇರಿ ಊರಿನ ಕಡೆ ರಸ್ತೆ ಖಾಲಿ ಇತ್ತು. ಒಮ್ಮೆಯಾದರೂ ಇದರ ವೇಗ ನೋಡೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು, ಜೀವ ಬಾಯಿಗೆ ಬಂತು, ಎದುರಿಗೆ ಕುರಿ ಹಿಂಡು ಬಂತು. ಎರಡೂ ಕಾಲಿನಿಂದ ಬ್ರೇಕ್ ಒತ್ತಿದೆ. ಜೋರಾಗಿ ಬ್ರೇಕ್ ಹಾಕಿದರೆ ಈ ಕಾರಿನ ಹಿಂದಿನ ರೆಕ್ಕೆ ಗಾಳಿ ತಡೆಯಲು ಸಟ್ಟನೆ ಮೇಲೇಳುತ್ತದೆ. ಕಾರು ಕುರಿಗಳಿಂದ ಎರಡು ಮಾರು ದೂರ ನಿಂತಿತು. ನಾನು ಕಣ್ಣು ಮುಚ್ಚಿದ್ದೆ. ಹೊರಗಿನಿಂದ ಕುರುಬಜ್ಜನ ಕೂಗು ಕೇಳಿತು:

"ಏ, ಹಿಂದ ನಿಂದ್ರಬ್ಯಾಡ್ರೋ! ಬಾಲಾ ಎತ್ತೇತಿ!"

ಹತ್ತು ಸುತ್ತು

ಮದುವೆ ಸುಸೂತ್ರ ಮುಗಿಯಿತು. ಮದುಮಗನನ್ನು ಆ ಸೀಟಿನಿಂದ ಎತ್ತಲು ಇಬ್ಬರು ಸೋದರಮಾವಂದಿರು ಬೇಕಾದರು, ಅಷ್ಟೇ. ಮರುದಿನ ಹೊರಟಾಗ ಬೇರೆ ದಾರಿ ಹಿಡಿಯುವ ಆಸೆ ಆಗಲಿಲ್ಲ ಅಂದರೆ ಸುಳ್ಳು. ಮತ್ತೆ ಹೊಗೆ ಎದ್ದರೆ? ಗೆಳತಿಗೆ ಏನು ಹೇಳಲಿ? ಆದರೆ ಸೊಸೆಯ ತರಚಿದ ಕೈ ಕಣ್ಣೆದುರಿಗೇ ಇತ್ತು. ಸವಡಿಗೇ ತಿರುಗಿಸಿದೆ.

ಅಜ್ಜಿ ನನ್ನ ಕನ್ನಡಕ ಹಾಕಿಕೊಂಡು ರಸ್ತೆಯ ನಡುವೆ ನಿಂತಿದ್ದಳು. ಕಡ್ಲಿಯನ್ನು ಈ ಸಲ ಚಕ್ರಗಳ ಅಳತೆಗೆ ಎರಡೇ ಸಾಲು ಹಾಸಿ, ನಡುವಿನ ರಸ್ತೆಯನ್ನು ಕಸಬರಿಗೆಯಿಂದ ಗುಡಿಸಿದ್ದಳು. "ನಿನ್ನ ಗಾಡಿ ಹೊಟ್ಟಿಗೆ ಜಾಗಾ ಬಿಟ್ಟೀನಿ. ಹೂಂ, ಹೊಡಿ."

ಮುಂದೆ ಕೋಲಿನಿಂದ ಗಿಡ ತಿರುವುತ್ತ ಅಜ್ಜಿ, ಹಿಂದೆ ನೀರಿನ ಕೊಡ ಹೊತ್ತು ಸೊಸೆ, ನಡುವೆ ಸ್ಟೇರಿಂಗ್ ಬಿಗಿಹಿಡಿದು, ಹೊಗೆ ವಾಸನೆಗೆ ಮೂಗು ಅರಳಿಸುತ್ತ ನಾನು. ಹತ್ತು ಸಲ ಹೋದೆ, ಹತ್ತು ಸಲ ಬಂದೆ. ಬೆವರಿಗೆ ಅಂಗಿ ಸೀಟಿಗೆ ಅಂಟಿತು. ಹೊಗೆ ಏಳಲಿಲ್ಲ.

ಅಜ್ಜಿ ಒಂದು ಹಿಡಿ ಕಾಳು ಎತ್ತಿ ಊದಿ ನೋಡಿದಳು. ಕನ್ನಡಕ ಕಳಚಿ ನನ್ನ ಕೈಗಿಟ್ಟಳು.

"ಕಾಳು ಚಲೋ ಬಿದ್ದಾವು ಯವ್ವಾ," ಅಂದಳು. "ಆದ್ರ ನಿನ್ನ ಗಾಡಿ ಭಾಳ ಸಾವಕಾಶ ಓಡತೈತಿ."