ಅರ್ಧ ಕಾಲಮ್ಮಿನ ಬಾವಿ

ಸಮಾಜಶಾಸ್ತ್ರ ಕಲಿಸುವವರಿಗೂ ಒಂದು ಸಮಾಜ ಉಂಟು ಎಂದರೆ ಜನ ನಂಬುವುದಿಲ್ಲ. ಊರವರ ಲೆಕ್ಕದಲ್ಲಿ ನಾವು ಕಂಡವರ ಜಗಲಿಯಲ್ಲಿ ಕೂತು, ಮನೆಯಲ್ಲಿ ಎಷ್ಟು ಜನ, ಒಲೆ ಎಷ್ಟು, ಸೊಸೆ ಯಾವ ಊರಿನವಳು ಎಂದು ಕೇಳಿ ಬರೆದುಕೊಳ್ಳುವ ಪಂಗಡ. ನಿಜ ಹೇಳಬೇಕೆಂದರೆ ಊರವರ ಒಲೆಯ ಮೇಲೆ ನಮಗೆ ಅಷ್ಟೇನೂ ಆಸಕ್ತಿ ಇಲ್ಲ. ನಾಲ್ಕು ಜನ ಸಮಾಜಶಾಸ್ತ್ರಜ್ಞರು ಒಂದು ಕಡೆ ಸೇರಿದರೆ ಮೊದಲು ಬರುವ ಮಾತು ಯಾರಿಗೆ ಬಡ್ತಿಯಾಯಿತು, ಯಾರ ಮಂಡಿಗೆ ಆಪರೇಶನ್ ಆಯಿತು, ಯಾರ ಪುಸ್ತಕ ಬಿಡುಗಡೆಗೆ ಯಾರನ್ನು ಕರೆಯಲಿಲ್ಲ, ಕರೆಯದವರು ಊಟಕ್ಕೆ ಹೇಗೆ ಬಂದರು ಎಂಬುದು. ಇದಕ್ಕೆ ನಾವು ಶೈಕ್ಷಣಿಕ ಒಡನಾಟ ಎಂದು ಹೆಸರಿಟ್ಟಿದ್ದೇವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಾಲಿ ಮತ್ತು ಮಾಜಿ ಅಧ್ಯಾಪಕರ ಒಂದು ಬಳಗ ನಮ್ಮದು. ಎರಡು ತಿಂಗಳಿಗೊಮ್ಮೆ ಪುಂಜಾಲಕಟ್ಟೆಯ ಒಂದು ಹೋಟೆಲಿನ ಮಾಳಿಗೆಯಲ್ಲಿ ಸಭೆ. ಪುಂಜಾಲಕಟ್ಟೆಯೇ ಯಾಕೆಂದರೆ ಮೂರೂ ಕಡೆಯವರಿಗೆ ಅದು ಸಮಾನವಾಗಿ ಅನನುಕೂಲ. ಇನ್ನೊಂದು ಕಾರಣ ಅಲ್ಲಿಯ ಬನ್ಸ್.

ಬಳಗಕ್ಕೆ ನಾಲ್ಕು ಪುಟದ ಒಂದು ವಾರ್ತಾಪತ್ರ ಉಂಟು. ಅದರ ಸಂಪಾದಕ ನಾನು. ಆಯ್ಕೆಯ ದಿನ ನಾನೊಬ್ಬನೇ ಗೈರುಹಾಜರಾಗಿದ್ದೆ, ಹಾಗಾಗಿ ಸರ್ವಾನುಮತ ಸಿಕ್ಕಿತು. ಆದರೂ ಈ ಕೆಲಸಕ್ಕೆ ನನ್ನಷ್ಟು ತಕ್ಕವನು ಈ ಮೂರು ತಾಲೂಕಿನಲ್ಲಿ ಇಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಯಾಕೆಂದರೆ ಪಂಡಿತರ ನಾಡಿ ನನಗೆ ಗೊತ್ತು. ಹಿಂದೆ ಒಂದು ವಿಚಾರಗೋಷ್ಠಿಯಲ್ಲಿ ಎದ್ದು ನಿಂತು, ಭೂಮಿಯ ಮೇಲೆ ಹುಟ್ಟಿಯೇ ಇಲ್ಲದ ಒಬ್ಬ ವಿದೇಶಿ ವಿದ್ವಾಂಸನ ಹೆಸರು ಹೇಳಿ, ಅವನ ಸಿದ್ಧಾಂತದ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಕೇಳಿದ್ದೆ. ವೇದಿಕೆಯಲ್ಲಿದ್ದವರು ಕಣ್ಣು ಮುಚ್ಚಿ ಸ್ವಲ್ಪ ಯೋಚಿಸಿ, ಅವನ ಮೊದಲಿನ ಬರಹಗಳು ಮಾತ್ರ ತಮಗೆ ಒಪ್ಪಿಗೆ ಎಂದರು. ಸಭೆಯಲ್ಲಿ ಮೂರು ತಲೆ ಆಡಿದವು. ಒಬ್ಬರು ಹೆಸರಿನ ಅಕ್ಷರ ಕೇಳಿ ಬರೆದುಕೊಂಡರು. ಆ ಸಂಜೆಯ ಸುಖ ನನಗೆ ನಿವೃತ್ತಿಯ ದಿನ ಹೊದೆಸಿದ ಶಾಲಿನಲ್ಲಿಯೂ ಸಿಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಬೇಸಗೆಯ ಸಂಚಿಕೆಗೆ ಅರ್ಧ ಕಾಲಮ್ಮು ಖಾಲಿ ಉಳಿಯಿತು. ಆ ಅವಧಿಯಲ್ಲಿ ಯಾರೂ ನಿವೃತ್ತರಾಗಲಿಲ್ಲ, ಯಾರಿಗೂ ಪ್ರಶಸ್ತಿ ಬರಲಿಲ್ಲ, ದೇವರ ದಯದಿಂದ ಯಾರೂ ತೀರಿಕೊಳ್ಳಲೂ ಇಲ್ಲ. ಬಿ.ಸಿ.ರೋಡಿನ ಪ್ರೆಸ್ಸಿನವರು ಎರಡು ಸಲ ಫೋನು ಮಾಡಿದರು. ಮಧ್ಯಾಹ್ನ ಊಟ ಮಾಡಿ ನರಿಕೊಂಬಿನ ನನ್ನ ಮನೆಯ ಜಗಲಿಯಲ್ಲಿ ಈಸಿಚೇರಿಗೆ ಒರಗಿದ್ದೆ. ನೇತ್ರಾವತಿಯ ಕಡೆಯಿಂದ ಗಾಳಿ ಬರುತ್ತಿತ್ತು. ನಿದ್ದೆಯೂ ಅಲ್ಲ ಎಚ್ಚರವೂ ಅಲ್ಲ, ಆ ನಡುವಿನ ಕಡವಿನಲ್ಲಿ ದೋಣಿ ತನ್ನಷ್ಟಕ್ಕೆ ತೇಲುತ್ತದಲ್ಲ, ಹಾಗೆ. ಆಗ ಕಂಡದ್ದು: ಒಬ್ಬಳು ಹೆಂಗಸು ಬೆಳಗಿನ ಹೊತ್ತು ಬಾವಿಕಟ್ಟೆಗೆ ಬಗ್ಗಿ ನೀರಿನ ಹತ್ತಿರ ಮೆಲ್ಲ ಮಾತಾಡುತ್ತಿದ್ದಾಳೆ. ಮುಖ ಕಾಣುವುದಿಲ್ಲ. ಜಡೆಯಲ್ಲಿ ಅಬ್ಬಲಿಗೆ ಹೂ. ಅವಳ ಮಾತು ಬಾವಿಯೊಳಗೆ ಇಳಿದು, ಸುತ್ತಿ, ಮೇಲೆ ಬಾರದೆ ಅಲ್ಲಿಯೇ ಕರಗುತ್ತದೆ.

ಎದ್ದವನೇ ಬರೆದೆ. ಕೊಕ್ಕಡದ ಆಚೆಯ ಕೆಲವು ಮನೆಗಳಲ್ಲಿ, ಕೆಟ್ಟ ಕನಸು ಬಿದ್ದ ಹೆಂಗಸರು ಬೆಳಿಗ್ಗೆ ಯಾರೊಡನೆಯೂ ಮಾತಾಡುವ ಮೊದಲು ಅದನ್ನು ಬಾವಿಗೆ ಹೇಳಿ, ಒಂದು ಕೊಡಪಾನ ನೀರು ಸೇದಿ ಬಾಳೆಯ ಬುಡಕ್ಕೆ ಹೊಯ್ಯುವ ಕ್ರಮ ಉಂಟು ಎಂದು. ಕೊಕ್ಕಡವನ್ನೇ ಆರಿಸಿದ್ದಕ್ಕೆ ಕಾರಣ ಉಂಟು. ಅದು ನನ್ನ ಹೆಂಡತಿಯ ತವರೂರು, ನನಗೆ ಪರಿಚಯದ ಹೆಸರು; ಮತ್ತು ಅಷ್ಟು ದೂರ ಬಸ್ಸು ಹತ್ತಿ ಹೋಗಿ ಪರೀಕ್ಷಿಸುವ ಸಮಾಜಶಾಸ್ತ್ರಜ್ಞ ನಮ್ಮ ಬಳಗದಲ್ಲಿ ಇಲ್ಲ. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಸರೋಜ ಮುಳ್ಳುಸೌತೆ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿ, "ಇದು ನೀವು ಬರೆದದ್ದಾ?" ಎಂದು ಕೇಳಿದಳು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ಸಂಚಿಕೆ ಹೊರಬಂದ ಮೇಲೆ ಪುಂಜಾಲಕಟ್ಟೆಯ ಮಾಳಿಗೆಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಬೆಳ್ತಂಗಡಿಯವರು ಇದು ಕೂಡುಕುಟುಂಬದಲ್ಲಿ ಸೊಸೆಯ ಬಾಯಿ ಕಟ್ಟುವ ಉಪಾಯ ಎಂದರು. ಬಂಟ್ವಾಳದವರು ಅಲ್ಲ, ಬಾಯಿ ಬಿಡಿಸುವ ಉಪಾಯ ಎಂದರು. ಒಬ್ಬರು ನೀರಿನ ಸಂರಕ್ಷಣೆಯನ್ನೂ ಎಳೆದು ತಂದರು. ಬನ್ಸ್ ತಣ್ಣಗಾಯಿತು. ನಾನು ಮೂಲೆಯಲ್ಲಿ ಕೂತು ಚಾ ಕುಡಿಯುತ್ತಾ, ಈ ಜಗತ್ತನ್ನು ಸೃಷ್ಟಿಸಿದವನಿಗೂ ಹೀಗೆಯೇ ನಗು ಬರುತ್ತಿರಬಹುದು ಎಂದು ಎಣಿಸುತ್ತಿದ್ದೆ.

ನಗು ನಿಂತದ್ದು ಮೂಡುಬಿದಿರೆಯ ಜಿನೇಂದ್ರನ ಫೋನು ಬಂದಾಗ. ಜಿನೇಂದ್ರ ನನ್ನ ಹಳೆಯ ಗೆಳೆಯ, ಜೀವನದಲ್ಲಿ ಒಂದು ಸುಳ್ಳೂ ಹೇಳದೆ ಪ್ರೊಫೆಸರಾದವನು. ಅವನ ಕೈಕೆಳಗೆ ಸುಪ್ರೀತಾ ಎಂಬ ಹುಡುಗಿ ಮನೆಬಾವಿ ಮತ್ತು ಹೆಂಗಸರು ಎಂಬ ವಿಷಯದ ಮೇಲೆ ಸಂಶೋಧನೆಗೆ ಹೊರಟಿದ್ದಳು. ಇದರಲ್ಲಿ ಹೊಸತೇನೂ ಇಲ್ಲ ಎಂದು ಸಮಿತಿಯವರು ಎರಡು ಸಲ ತಿರುಗಿಸಿ ಕಳಿಸಿದ್ದರಂತೆ. ಮೂರನೆಯ ಸಲ ನನ್ನ ಅರ್ಧ ಕಾಲಮ್ಮನ್ನು ಸೇರಿಸಿದ್ದೇ ತಡ, ಒಪ್ಪಿಗೆ ಸಿಕ್ಕಿತಂತೆ. ಕಾಲೇಜಿನಲ್ಲಿ ಅವಳದು ವರ್ಷ ವರ್ಷ ಮುಂದುವರಿಸುವ ಕೆಲಸ. ಡಾಕ್ಟರೇಟ್ ಆದರೆ ಖಾಯಂ ಆಗುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ ಬೇಡ ಎಂದಿದ್ದಾರಂತೆ. ಕೊನೆಗೆ ಜಿನೇಂದ್ರ, "ನೀನು ಒಂದು ಹೆಣ್ಣುಮಗುವಿನ ಬದುಕು ಉಳಿಸಿದೆ ಮಾರಾಯ," ಎಂದು ಫೋನು ಇಟ್ಟ.

ಆ ದಿನ ಈಸಿಚೇರಿನಲ್ಲಿ ಕಣ್ಣು ಮುಚ್ಚಿದರೆ ಬಾವಿ ಕಾಣಲಿಲ್ಲ, ಸಮಿತಿ ಕಂಡಿತು. ನಿಜ ಹೇಳಿಬಿಡುತ್ತೇನೆ, ಅದು ನಾನು ಹುಟ್ಟಿಸಿದ್ದೆಂದು ಒಪ್ಪಿಕೊಳ್ಳುತ್ತೇನೆ ಎಂದು ಸರೋಜನ ಹತ್ತಿರ ಹೇಳಿದೆ. ಅವಳು ಯಾವುದಕ್ಕೂ ಅವಸರ ಮಾಡಬೇಡಿ ಎಂದು ಹೇಳಿ ಒಳಗೆ ಹೋದಳು.

ಮುಂದಿನ ವಾರ ಸುಪ್ರೀತಾ ಬಂದಳು. ಭುಜಕ್ಕೆ ಚೀಲ, ಕೈಯಲ್ಲಿ ನೀಲಿ ರಟ್ಟಿನ ನೋಟುಪುಸ್ತಕ. ಜಗಲಿಯಲ್ಲಿ ಕೂತು ನನ್ನನ್ನು ಒಂದು ಗಂಟೆ ಪ್ರಶ್ನೆ ಕೇಳಿದಳು. ಅಷ್ಟು ಗೌರವದಿಂದ ನನ್ನ ಮಾತನ್ನು ಯಾರೂ ಬರೆದುಕೊಂಡದ್ದಿಲ್ಲ. ಸತ್ಯ ಹೇಳಲು ಬಾಯಿ ತೆರೆದಾಗಲೆಲ್ಲ ಅವಳ ಪೆನ್ನು ಸಿದ್ಧವಾಗಿ ನಿಲ್ಲುತ್ತಿತ್ತು, ಆ ಪೆನ್ನನ್ನು ನೋಡಿ ನಾನು ಇನ್ನೊಂದಿಷ್ಟು ವಿವರ ಸೇರಿಸುತ್ತಿದ್ದೆ. ಸರೋಜ ಚಾ ತಂದಿಟ್ಟು ಬಾಗಿಲಿನ ಹತ್ತಿರ ನಿಂತಿದ್ದಳು. ಕೊನೆಗೆ ನಾನೇ ಜೊತೆಗೆ ಬಂದು ಕೊಕ್ಕಡದ ಮನೆಗಳನ್ನು ತೋರಿಸುವುದೆಂದಾಯಿತು. ನನ್ನ ಯೋಜನೆ ಹೇಡಿಯದು, ಮುಚ್ಚಿಡುವುದಿಲ್ಲ. ನಾಲ್ಕು ಮನೆ ಹತ್ತಿ ಇಳಿದ ಮೇಲೆ ಎಲ್ಲರೂ ಹಾಗೇನೂ ಇಲ್ಲ ಎನ್ನುತ್ತಾರೆ. ಆಗ ಆ ಕ್ರಮ ಅಳಿದುಹೋಗಿದೆ ಎಂದು ಬರೆದುಕೊಂಡು ಅವಳು ಬೇರೆ ಅಧ್ಯಾಯಕ್ಕೆ ಹೋಗುತ್ತಾಳೆ. ಅಳಿದುಹೋದದ್ದರ ಬಗ್ಗೆ ಬರೆಯಲು ನಮ್ಮ ಶಾಸ್ತ್ರದಲ್ಲಿ ಅಡ್ಡಿಯೇ ಇಲ್ಲ.

ಮೊದಲನೆಯ ಮನೆ ಕಲ್ಯಾಣಿಯಕ್ಕನದು. ಎಂಬತ್ತು ದಾಟಿದ ಹೆಂಗಸು, ಅಂಗಳದ ಹಗ್ಗಕ್ಕೆ ರಬ್ಬರ್ ಶೀಟು ಹರವುತ್ತಿದ್ದರು. ಸುಪ್ರೀತಾ ತುಳುವಿನಲ್ಲಿ ಮೆಲ್ಲನೆ ವಿಷಯ ಎತ್ತಿದಳು. ಕಲ್ಯಾಣಿಯಕ್ಕ ಕೈಯಲ್ಲಿದ್ದ ಶೀಟನ್ನು ಹಗ್ಗಕ್ಕೆ ಹಾಕಿ ಅಂಚು ಸರಿಮಾಡಿದರು. ಬಾವಿಯ ಕಡೆ ಒಂದು ಸಲ ನೋಡಿದರು. ಹಗ್ಗದಲ್ಲಿ ಶೀಟುಗಳು ಬೆಳಕು ತುಂಬಿಕೊಂಡು ಅಲ್ಲಾಡುತ್ತಿದ್ದವು. ನನಗೆ ಎದೆ ಹಗುರಾಯಿತು, ಇಲ್ಲ ಎನ್ನುತ್ತಾರೆ ಎಂದುಕೊಂಡೆ.

"ಕೆಟ್ಟದ್ದು ಮಾತ್ರ ಹೇಳುದಲ್ಲ ಮಗಾ," ಎಂದರು ಕಲ್ಯಾಣಿಯಕ್ಕ. "ಒಳ್ಳೇದನ್ನೂ ಹೇಳ್ಬೇಕು. ಬರೀ ಕೆಟ್ಟದ್ದೇ ಕೇಳಿದ್ರೆ ನೀರಿಗೆ ಬೇಜಾರಾಗ್ತದೆ."

ನನ್ನ ಕಾಲ ಕೆಳಗಿನ ಅಂಗಳ ಸ್ವಲ್ಪ ಸರಿಯಿತು. ನೀರನ್ನು ಬಾಳೆಯ ಬುಡಕ್ಕೆ ಹೊಯ್ಯುತ್ತಾರಲ್ಲ ಎಂದು ಕೇಳಿದೆ. ಅವರು ನನ್ನನ್ನು ಪಾಪ ಎಂಬ ಹಾಗೆ ನೋಡಿದರು.

"ಬಾಳೆಗೆ ಯಾರಾದ್ರೂ ಹೊಯ್ತಾರಾ ಮಾಷ್ಟ್ರೆ? ಬಾಳೆ ವರ್ಷಕ್ಕೆ ಮುಗೀತದೆ. ತೆಂಗಿಗೆ. ಅದು ಮೇಲೆ ಕೊಂಡುಹೋಗಿ ಗಾಳಿಗೆ ಬಿಡ್ತದೆ."

ಜೀವಮಾನವಿಡೀ ಬೇರೆಯವರ ಕಾಲೆಳೆದವನು ನಾನು. ಕಾಲೆಳೆಯುವವರ ಕಣ್ಣಿನ ತುದಿಯಲ್ಲಿ ಒಂದು ಸಣ್ಣ ಮಿಂಚು ಇರುತ್ತದೆ, ಅದನ್ನು ಅಡಗಿಸಲು ನನಗೂ ಆಗುವುದಿಲ್ಲ. ಕಲ್ಯಾಣಿಯಕ್ಕನ ಕಣ್ಣಿನಲ್ಲಿ ಅದನ್ನು ಹುಡುಕಿದೆ, ಸಿಗಲಿಲ್ಲ. ಆಚೆ ಮನೆಯಲ್ಲಿಯೂ ಅದೇ ಕಥೆ. ಅಲ್ಲಿ ಬಾವಿ ಮುಚ್ಚಿ ಬೋರ್‌ವೆಲ್ ಹಾಕಿಸಿದ್ದಾರೆ. ಮುದುಕಿ ಅತ್ತೆ ಕನಸು ಬಿದ್ದ ದಿನ ಮೆಟ್ಟಿಲು ಹತ್ತಿ ತಾರಸಿಯ ಟ್ಯಾಂಕಿನ ಮುಚ್ಚಳ ತೆಗೆದು ಹೇಳುತ್ತಾರೆ, ಬೀಳುತ್ತಾರೋ ಎಂದು ತನಗೆ ಹೆದರಿಕೆ ಎಂದು ಸೊಸೆ ದೂರಿಕೊಂಡಳು. ಸುಪ್ರೀತಾಳ ಮುಖ ಹಬ್ಬದ ಮನೆಯ ಹಾಗೆ ಬೆಳಗಿತ್ತು. ನನಗೆ ಮಾತ್ರ ನಾನು ಬರೆದ ಅರ್ಧ ಕಾಲಮ್ಮಿನೊಳಗೇ ನಡೆಯುತ್ತಿದ್ದೇನೆ, ಇದರಿಂದ ಎಚ್ಚರವಾದರೆ ಪ್ರೆಸ್ಸಿನವರ ಫೋನು ಹೊಡೆದುಕೊಳ್ಳುತ್ತಿರುತ್ತದೆ ಎಂದೆಲ್ಲ ಅನ್ನಿಸುತ್ತಿತ್ತು.

ಕೊಕ್ಕಡದ ಪೇಟೆಯಲ್ಲಿ ಬಸ್ಸು ಕಾಯುತ್ತಾ ಚಾ ಕುಡಿಯುವಾಗ ನನಗೆ ತಡೆಯಲಿಲ್ಲ.

"ಸುಪ್ರೀತಾ, ಆ ಬಾವಿ, ಆ ಕನಸು, ಎಲ್ಲ ನಾನು ಹುಟ್ಟಿಸಿದ್ದು. ಪೇಪರಿನಲ್ಲಿ ಜಾಗ ಖಾಲಿ ಉಂಟು ಅಂತ ಬರೆದದ್ದು."

ಅವಳು ಗ್ಲಾಸು ಕೆಳಗಿಟ್ಟಳು. "ಕಲ್ಯಾಣಿಯಕ್ಕನಿಗೆ ಓದ್ಲಿಕ್ಕೆ ಬರುದಿಲ್ಲ ಸರ್."

"ಗೊತ್ತುಂಟು."

"ನಮ್ಮ ವಾರ್ತಾಪತ್ರ ಕೊಕ್ಕಡಕ್ಕೆ ಬರುದೂ ಇಲ್ಲ."

"ಅದೂ ಗೊತ್ತುಂಟು ಮಾರಾಯ್ತಿ. ನನಗೆ ಅರ್ಥ ಆಗದ್ದು ಅದೇ."

ಅವಳು ಮೆಲ್ಲನೆ ನೀಲಿ ಪುಸ್ತಕ ತೆರೆದಳು. ತುಂಬ ಮಮತೆಯಿಂದ ಕೇಳಿದಳು, "ನಿಮಗೆ ಹೀಗೆ ಅನ್ನಿಸ್ಲಿಕ್ಕೆ ಶುರುವಾದದ್ದು ಯಾವಾಗಿಂದ ಸರ್?"

ಆಮೇಲೆ ತಿಂಗಳುಗಳು ಹೋದವು. ಮೊನ್ನೆ ಜಿನೇಂದ್ರ ಅವಳ ಮೂರನೆಯ ಅಧ್ಯಾಯದ ಪ್ರತಿಯನ್ನು ನನಗೆ ಕಳಿಸಿಕೊಟ್ಟ. ಸಮಿತಿಯವರು ಹೊಗಳಿದ್ದಾರಂತೆ, ಕೆಲಸ ಖಾಯಂ ಆಗುವುದರಲ್ಲಿ ಸಂಶಯ ಇಲ್ಲವಂತೆ. ನನ್ನ ಹೆಸರು ಎಲ್ಲಿ ಎಂದು ಪುಟ ತಿರುಗಿಸಿದೆ. ಹೆಸರು ಇರಲಿಲ್ಲ, ಶಾಸ್ತ್ರದ ಪ್ರಕಾರ ಇರಲೂಬಾರದು. ಹೀಗಿತ್ತು: "ಮಾಹಿತಿದಾರ ಒಂದು. ಪುರುಷ, ಎಪ್ಪತ್ತನಾಲ್ಕು ವರ್ಷ, ನಿವೃತ್ತ ಅಧ್ಯಾಪಕ. ಈ ಆಚರಣೆಯನ್ನು ತಾನೇ ಹುಟ್ಟುಹಾಕಿದ್ದೆಂದು ಪ್ರಾಮಾಣಿಕವಾಗಿ ನಂಬಿದ್ದಾರೆ. ಹೆಂಗಸರ ಆಚರಣೆಗಳ ಒಡೆತನವನ್ನು ಹಿರಿಯ ಗಂಡಸರು ಹೇಳಿಕೊಳ್ಳುವುದಕ್ಕೆ ಇದೊಂದು ಉದಾಹರಣೆ. ಇವರ ಹೇಳಿಕೆಗಳನ್ನು ಎಚ್ಚರಿಕೆಯಿಂದ ಬಳಸಬೇಕು."

ಪ್ರತಿಯನ್ನು ಹಿಡಿದು ಅಡುಗೆಮನೆಗೆ ಹೋದೆ. ಲೋಕದಲ್ಲಿ ಒಂದು ಕ್ರಮವನ್ನೇ ಹುಟ್ಟಿಸಿದವನಿಗೆ ಸಿಕ್ಕಿದ ಮರ್ಯಾದೆ ನೋಡು ಎಂದು ಸರೋಜನಿಗೆ ಓದಿ ಹೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು.

"ಹುಡುಗಿ ಸರಿಯಾಗೇ ಬರ್ದಿದ್ದಾಳೆ," ಎಂದಳು. "ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ನಾನೇ ನಿಮಗೆ ಹೇಳಿದ್ದಲ್ವಾ? ನಮ್ಮ ಅಮ್ಮ ಹೀಗೆ ಮಾಡ್ತಿದ್ರು, ನಾನೂ ಮಾಡ್ತೇನೆ ಅಂತ. ನೀವು ಅದೇ ಈಸಿಚೇರಿನಲ್ಲಿ ಹೂಂ ಹೂಂ ಅಂತಿದ್ರಿ. ಆಮೇಲೆ ಗೊರಕೆ."

ಈಗಲೂ ಮಾಡುತ್ತೀಯಾ ಎಂದು ಕೇಳಿದೆ. ನೀವು ಏಳುವುದು ಏಳೂವರೆಗೆ, ಅಷ್ಟರಲ್ಲಿ ನನ್ನ ಕನಸು, ನೀರು ಎಲ್ಲ ಮುಗಿದಿರುತ್ತದೆ ಎಂದಳು. ಹಾಗಾದರೆ ಸುಪ್ರೀತಾ ಬಂದ ದಿನ ಯಾಕೆ ಬಾಯಿ ಬಿಡಲಿಲ್ಲ ಎಂದರೆ, "ಅವಳು ನಿಮ್ಮನ್ನು ಕೇಳ್ಲಿಕ್ಕೆ ಬಂದದ್ದು. ನನ್ನ ಹತ್ತಿರ ಚಾಕ್ಕೆ ಸಕ್ಕರೆ ಕಮ್ಮಿ ಅಂತ ಮಾತ್ರ ಹೇಳಿದ್ದು," ಎಂದು ಕಾಯಿಯ ಇನ್ನೊಂದು ಕಡಿ ಎತ್ತಿಕೊಂಡಳು.

ನಾನು ಹಿತ್ತಿಲಿಗೆ ಬಂದು ನಿಂತೆ. ಬಾವಿಯ ಹತ್ತಿರದ ತೆಂಗಿನ ಮರ ಇಡೀ ನರಿಕೊಂಬಿನಲ್ಲಿ ಹೆಸರಾದದ್ದು. ಅಷ್ಟು ಕಾಯಿ ಬಿಡುವುದಕ್ಕೆ ನನ್ನ ಗೊಬ್ಬರವೇ ಕಾರಣ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಜಡೆಗೆ ಅಬ್ಬಲಿಗೆ ಮುಡಿದು ಈ ಮನೆಗೆ ಬಂದವಳು ಒಬ್ಬಳೇ. ನಲವತ್ತಾರು ವರ್ಷ ದಿನಾ ನಾನು ಚಟ್ನಿಯಲ್ಲಿ, ಪಲ್ಯದಲ್ಲಿ, ಪಾಯಸದಲ್ಲಿ ತಿಂದದ್ದು ಅವಳ ಕನಸುಗಳನ್ನು. ಒಂದರ ಬಗ್ಗೆಯೂ ಕೇಳಲಿಲ್ಲ. ಕೇಳುವುದೇ ನನ್ನ ಉದ್ಯೋಗವಾಗಿತ್ತು, ಅದಕ್ಕೆ ಸರಕಾರ ಪಿಂಚಣಿಯನ್ನೂ ಕೊಡುತ್ತದೆ.

ಮರುದಿನ ಐದೂವರೆಗೆ ಎದ್ದೆ. ಸರೋಜ ಇನ್ನೂ ಎದ್ದಿರಲಿಲ್ಲ. ಬಾವಿಕಟ್ಟೆಗೆ ಬಗ್ಗಿ, ಯಾರೊಡನೆಯೂ ಮಾತಾಡುವ ಮೊದಲು, ನನಗೆ ಬಿದ್ದ ಒಂದು ದೊಡ್ಡ ಕನಸನ್ನು ನೀರಿಗೆ ಹೇಳಿದೆ: ಒಬ್ಬ ಮುದುಕ ಈಸಿಚೇರಿನಲ್ಲಿ ಮಲಗಿ, ಲೋಕದಲ್ಲಿ ಇಲ್ಲದ್ದೊಂದನ್ನು ತಾನೇ ಹುಟ್ಟಿಸಿದೆ ಎಂದುಕೊಂಡಿದ್ದ ಎಂದು. ನೀರು ಕೇಳಿಸಿಕೊಂಡಿತು. ಒಂದು ಕೊಡಪಾನ ಸೇದಿ ತೆಂಗಿನ ಮರದ ಕಡೆ ಹೊರಟವನು ನಡುವೆ ನಿಂತೆ. ಸುತ್ತ ನೋಡಿ, ತಿರುಗಿ, ಬಾಳೆಯ ಬುಡಕ್ಕೆ ಹೊಯ್ದೆ. ಅದೊಂದನ್ನು ಹುಟ್ಟಿಸಿದ್ದು ಮಾತ್ರ ನಾನೇ.