ಲಿಫ್ಟಣ್ಣನ ಟೆಲಿಸ್ಕೋಪು

ಲಿಫ್ಟಣ್ಣ ಮಾಡಿದ ತಪ್ಪು ಇಷ್ಟೇ. ಬೆಳಿಗ್ಗೆ ಎರಡನೇ ಮಹಡಿಯ ಕನ್ನಡಕದಂಗಡಿಯವನನ್ನು ಮೇಲಕ್ಕೆ ಕರೆದೊಯ್ಯುವಾಗ, "ಸಾರ್, ಕಡಿಮೆ ದುಡ್ಡಲ್ಲಿ ಒಂದು ಟೆಲಿಸ್ಕೋಪ್ ತಗೊಳ್ಳೋಣ ಅಂತಿದೀನಿ. ಎಂಥದ್ದು ತಗೊಳ್ಲಿ?" ಎಂದು ಕೇಳಿಬಿಟ್ಟ.

ಆ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುತ್ತಲೇ ಅವನ ತಲೆ ನರೆತಿತ್ತು. ಹತ್ತಿದವರು 'ಮೂರು', 'ಐದು' ಅನ್ನುತ್ತಿದ್ದರೇ ಹೊರತು ಬೇರೆ ಮಾತಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯಲ್ಲಿ ಅಷ್ಟೂ ಇಲ್ಲ. ಅಲ್ಲಿ ಸದ್ದು ಮಾಡುವುದೆಂದರೆ ತೊಟ್ಟಿಕ್ಕುವ ನಲ್ಲಿಯೊಂದೇ. ದಿನವಿಡೀ ಕಿಟಕಿಯಿಲ್ಲದ ಡಬ್ಬಿಯಲ್ಲಿರುವವನಿಗೆ ಸಂಜೆ ಚಂದ್ರನನ್ನಾದರೂ ಹತ್ತಿರ ಕರೆದುಕೊಳ್ಳೋಣ ಅನ್ನಿಸಿತ್ತು.

"ಐನೂರು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಡಬ್ಬದ ಮೇಲೆ ಬರೆದಿರ್ತಾರೆ, ನಂಬಬೇಡ. ಮುಂದಿನ ಗಾಜು ಎಷ್ಟು ಅಗಲ ಇದೆ ನೋಡು," ಎಂದ ಕನ್ನಡಕದವನು, ತನ್ನ ಮಹಡಿ ಬಂದರೂ ಇಳಿಯದೆ.

ಸ್ವಲ್ಪ ಹೊತ್ತಿನಲ್ಲೇ ಸುದ್ದಿ ಎಲ್ಲ ಮಹಡಿಗೂ ಹತ್ತಿತು. ವಿಮೆ ಕಚೇರಿಯ ಮೇಡಂ ಲಿಫ್ಟಿಗೆ ಕಾಲಿಡುತ್ತಲೇ, "ಗಾಜು ಹಾಗಿರ್ಲಿ ಲಿಫ್ಟಣ್ಣ, ಸ್ಟ್ಯಾಂಡ್ ಗಟ್ಟಿಯಾಗಿರ್ಬೇಕು. ನಮ್ಮ ಭಾವ ತಂದಿದ್ರಲ್ಲಿ ಚಂದ್ರ ಚಳಿಜ್ವರ ಬಂದವನ ಹಾಗೆ ನಡುಗ್ತಿದ್ದ!" ಅಂದರು. ವಕೀಲರ ವಾದವೇ ಬೇರೆ: "ಮೊದಲಿಗೆ ಬೈನಾಕ್ಯುಲರ್ ತಗೊಳಯ್ಯಾ. ಮೋಡ ಮುಚ್ಕೊಂಡ್ರೆ ರಸ್ತೆಯನ್ನಾದ್ರೂ ನೋಡಬಹುದು."

ಲಿಫ್ಟಣ್ಣ ಹಿಗ್ಗಿ ಹೀರೇಕಾಯಿಯಾದ. ಯಾರೋ ಅವನ ಕಿಟಕಿ ಯಾವ ದಿಕ್ಕಿಗಿದೆ ಎಂದು ವಿಚಾರಿಸಿದರು. ಇನ್ಯಾರೋ ಊಟ ಆಯಿತೇ ಎಂದರು. ಮಾತು ಮುಗಿದುಹೋದೀತೆಂದು ಅವನೇ ಬೆಂಕಿಗೆ ಕಡ್ಡಿ ಹಾಕತೊಡಗಿದ: "ಹೌದಾ ಮೇಡಂ? ವಕೀಲರು ಬೇರೆ ಥರ ಹೇಳಿದ್ರಲ್ಲ?"

ಮಧ್ಯಾಹ್ನ ಮೂವರು ತಜ್ಞರೂ ಒಟ್ಟಿಗೇ ಲಿಫ್ಟಿಗೆ ಹತ್ತಿದರು. ಜೊತೆಗೆ ಕಟ್ಟಡದ ಮ್ಯಾನೇಜರ್. ಗಾಜು, ಸ್ಟ್ಯಾಂಡು, ಬೈನಾಕ್ಯುಲರ್ ಎಂದು ದನಿಗಳು ಏರಿದವು. ವಾದದ ಭರದಲ್ಲಿ ಬೀಸಿದ ವಕೀಲರ ಕೈ ಕೆಂಪು ಗುಂಡಿಗೆ ಬಡಿದು, ಲಿಫ್ಟು ಎರಡು ಮಹಡಿಗಳ ನಡುವೆ ತ್ರಿಶಂಕುವಾಯಿತು. ಮೆಕ್ಯಾನಿಕ್ ಬಂದು ಇಳಿಸುವಷ್ಟರಲ್ಲಿ ಮ್ಯಾನೇಜರ್ ಬೆವರಿನಲ್ಲಿ ಮಿಂದಿದ್ದರು.

"ಕೆಲಸ ಮುಗಿದ್ಮೇಲೆ ನನ್ನ ರೂಮಿಗೆ ಬಾ," ಎಂದರು, ಅಷ್ಟೇ.

ಆಮೇಲೆ ಯಾರೂ ಲಿಫ್ಟಿನ ಬಳಿ ಸುಳಿಯಲಿಲ್ಲ. ಅಲ್ಲಲ್ಲಿ ಗುಂಪುಗೂಡಿ ಪಿಸುಗುಡುತ್ತಿದ್ದವರು ಅವನನ್ನು ಕಂಡೊಡನೆ ಬಾಯಿ ಮುಚ್ಚಿಕೊಂಡರು.

ಸಂಜೆ ಬಾಗಿಲು ತಳ್ಳಿದರೆ ಎಲ್ಲರೂ ಅಲ್ಲೇ! ಮೇಜಿನ ಮೇಲೆ ಅಗಲ ಗಾಜಿನ, ಗಟ್ಟಿ ಸ್ಟ್ಯಾಂಡಿನ ಟೆಲಿಸ್ಕೋಪು. ವಕೀಲರ ಹಟಕ್ಕೆ ಪಕ್ಕದಲ್ಲೊಂದು ಬೈನಾಕ್ಯುಲರ್.

"ನಮ್ಮೆಲ್ಲರ ಕಡೆಯಿಂದ," ಎಂದರು ಮೇಡಂ.

ಲಿಫ್ಟಣ್ಣ ಟೆಲಿಸ್ಕೋಪಿನ ಕೊಳವೆ ಸವರಿದ. "ನನಗೆ ಇಷ್ಟು ಜನ ಇದ್ದೀರಿ ಅಂತ..." ಎಂದು ತೊದಲಿದ.

ಮ್ಯಾನೇಜರ್ ಅವನ ಬೆನ್ನು ತಟ್ಟಿದರು. "ಬೀಳ್ಕೊಡುಗೆಗೆ ಏನು ಕೊಡೋದು ಅಂತ ತಲೆ ಕೆಡಿಸ್ಕೊಂಡಿದ್ವಪ್ಪ. ಸದ್ಯ, ನೀನೇ ಬಾಯಿಬಿಟ್ಟೆ! ನಾಳೆಯಿಂದ ಲಿಫ್ಟಿಗೆ ಆಳು ಬೇಡ, ಜನರೇ ಗುಂಡಿ ಒತ್ಕೊಳ್ಲಿ ಅಂದಿದ್ದಾರೆ ಮಾಲೀಕರು. ಇನ್ನು ನಿನಗೆ ಹಗಲೂ ಬಿಡುವು, ರಾತ್ರಿನೂ ಬಿಡುವು!"

ಲಿಫ್ಟಣ್ಣ ಟೆಲಿಸ್ಕೋಪನ್ನು ಅಪ್ಪಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಹಗಲು ಹೊತ್ತು ಇದರಲ್ಲಿ ಏನು ನೋಡ್ಲಿ ಸಾರ್?"

ಎಲ್ಲರೂ ಗೊಳ್ಳೆಂದು ನಕ್ಕರು. ಲಿಫ್ಟಣ್ಣ ಇಷ್ಟು ತಮಾಷೆಯ ಮನುಷ್ಯ ಅಂತ ಗೊತ್ತೇ ಇರಲಿಲ್ಲವಲ್ಲ ಎಂದು ಮೇಡಂ ಕಣ್ಣೊರೆಸಿಕೊಂಡರು.