ಎಲ್ಲರಿಗೂ ಹೋದ ಒಂದು ಸಾಲು

ಆಜ್ಞೆ ಮಾಡುವ ಯೋಗ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ನನ್ನ ಹಣೆಯಲ್ಲಂತೂ ಅದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಮನೆಯಲ್ಲಿ ನಾನು "ನೀರು ಕೊಡು" ಎಂದರೆ "ತಂಬಿಗಿ ನಿಮ್ಮ ಮಗ್ಗಲದಾಗ ಐತಿ" ಎಂಬ ಉತ್ತರ ಬರುತ್ತದೆ. ನಮ್ಮ ಎಮ್ಮೆ ಹೆಂಡತಿಯ ದನಿಗೆ ಕಿವಿ ನಿಮಿರಿಸುತ್ತದೆ, ನನ್ನ ದನಿಗೆ ಬಾಲ ಬೀಸುತ್ತದೆ, ಅದೂ ನೊಣ ಓಡಿಸಲಿಕ್ಕೆ. ಇಂಥ ನನಗೆ ತೊಂಬತ್ತರ ದಶಕದಲ್ಲಿ ಕೆಲವು ವರ್ಷ ಆಜ್ಞೆ ಮಾಡುವ ಅಧಿಕಾರ ಸಿಕ್ಕಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ, ಹೇಳಿದ ಕ್ಷಣದಲ್ಲಿ ಮಾಡುವ ಒಂದು ರಾಜ್ಯವೇ ನನ್ನ ಕೈಯಲ್ಲಿತ್ತು. ಆ ರಾಜ್ಯದ ವಿಸ್ತಾರ ಎಂಟು ಕಂಪ್ಯೂಟರು, ಅವುಗಳಿಗೆಲ್ಲ ಹಿರಿಯನಂತೆ ಮೂಲೆಯಲ್ಲಿ ಗುರ್ ಎನ್ನುತ್ತ ಕೂತ ಒಂದು ಸರ್ವರ್, ಮತ್ತು ಇವನ್ನೆಲ್ಲ ಪೋಣಿಸಿದ ಒಂದು ಕಪ್ಪು ಕೇಬಲ್ಲು.

ಅದು ನಮ್ಮ ಕಾಗವಾಡ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗ. ನಾನು ಐನಾಪುರದಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದ ಟೆಂಪರವರಿ ಕಾರಕೂನ. ಕಂಪ್ಯೂಟರು ಬಂದಾಗ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಾದರು. ಹಿರಿಯರೆಲ್ಲ ಅದನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ಗುಮಾನಿಯಲ್ಲಿ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಸರಿಯುವುದು ತಡವಾಯಿತು. ಹಾಗೆ ನಾನು ನೆಟ್‌ವರ್ಕಿನ ಮೇಲ್ವಿಚಾರಕನಾದೆ. ಬೆಳಗಾವಿಯಿಂದ ಬಂದ ಇಂಜಿನಿಯರ್ ಎರಡೇ ದಿನ ಇದ್ದು, ಕಲಿಸುವುದನ್ನೆಲ್ಲ ಕಲಿಸಿ ಹೊರಟುಹೋದ. ಅವನು ಹೇಳಿದ್ದನ್ನೆಲ್ಲ ನಾನು ಇನ್ನೂರು ಪುಟದ ಒಂದು ವಹಿಯಲ್ಲಿ ಬರೆದುಕೊಂಡೆ. ಒಟ್ಟು ಮೂವತ್ತೆರಡು ಆಜ್ಞೆ. ಈಗಿನ ಹಾಗೆ ಆಗ ಚಿತ್ರ ತೋರಿಸಿ ಇಲ್ಲಿ ಒತ್ತು ಅಲ್ಲಿ ಒತ್ತು ಎನ್ನುವ ಪದ್ಧತಿ ಇರಲಿಲ್ಲ. ಕಪ್ಪು ಪರದೆ, ಎಡಗಡೆ ಮಿಣಮಿಣ ಎನ್ನುವ ಒಂದು ಗೆರೆ, ಅಷ್ಟೇ. ಆ ಗೆರೆಯ ಮುಂದೆ ಸರಿಯಾದ ಶಬ್ದ ಟೈಪು ಮಾಡಿದರೆ ಕೆಲಸವಾಗುತ್ತಿತ್ತು, ಒಂದು ಅಕ್ಷರ ತಪ್ಪಿದರೆ 'ಕೆಟ್ಟ ಆಜ್ಞೆ' ಎಂದು ಇಂಗ್ಲಿಷಿನಲ್ಲಿ ಬೈಸಿಕೊಳ್ಳಬೇಕಿತ್ತು. ನಾನು ಕಾನ್ವೆಂಟಿನ ಮುಖ ಕಂಡವನಲ್ಲ. ಆ ಯಂತ್ರದಷ್ಟು ನಿಷ್ಠುರವಾಗಿ ನನ್ನ ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದಿದ ಮಾಸ್ತರು ಬೇರೊಬ್ಬರಿಲ್ಲ.

ಮೂವತ್ತೆರಡರಲ್ಲಿ ನನಗೆ ಬಹಳ ಪ್ರೀತಿಯವು ಎರಡು. ಒಂದು, ಯಾರು ಯಾರು ಯಾವ ಯಂತ್ರದ ಮುಂದೆ ಕೂತಿದ್ದಾರೆ ಎಂದು ಪಟ್ಟಿ ತೋರಿಸುವ 'ಯೂಸರ್‌ಲಿಸ್ಟ್'. ಕುರ್ಚಿ ಬಿಟ್ಟು ಏಳದೆ ಇಡೀ ಆಫೀಸಿನ ಹಾಜರಿ ನನಗೆ ತಿಳಿಯುತ್ತಿತ್ತು. ಇನ್ನೊಂದು 'ಸೆಂಡ್'. ಸೆಂಡ್ ಎಂದು ಹೊಡೆದು, ಹೇಳಬೇಕಾದ ಮಾತು ಬರೆದು, ಸಾಲಿನ ಕೊನೆಗೆ ಯಾರಿಗೆ ಎಂದು ಹೆಸರು ಹಾಕಿದರೆ ಆ ಮಾತು ಅವರ ಪರದೆಯ ತಳದಲ್ಲಿ ಮೂಡುತ್ತಿತ್ತು, ಕಳಿಸಿದವನ ಹೆಸರಿನ ಸಮೇತ. ನಲವತ್ತು ಅಕ್ಷರದ ಆಚೆ ಈಚೆ ಮುಗಿಸಬೇಕು. ಕನ್ನಡ ಲಿಪಿ ಇಲ್ಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಮಾತು ಬಂದ ಮೇಲೆ ಆ ಯಂತ್ರ ಹಟ ಹಿಡಿದು ನಿಂತುಬಿಡುತ್ತಿತ್ತು. ಎರಡು ಕೀಲಿ ಒಟ್ಟಿಗೆ ಒತ್ತಿ 'ಓದಿದೆ' ಎಂದು ಒಪ್ಪಿಕೊಂಡ ಮೇಲೆಯೇ ಮುಂದಿನ ಕೆಲಸ. ಹೆಸರಿನ ಜಾಗದಲ್ಲಿ 'ಎವ್ರಿವನ್' ಎಂದು ಹಾಕಿದರೆ ಎಲ್ಲ ಪರದೆಗೂ ಒಂದೇ ಸಲ ಹೋಗುತ್ತಿತ್ತು.

ಈ ಸೆಂಡಿನಿಂದ ಹೆಚ್ಚು ಉಪಯೋಗ ಪಡೆದವರು ನಾನು ಮತ್ತು ದಸ್ತಗೀರ. ದಸ್ತಗೀರ ಕುಡಚಿಯವನು, ಗೇಟಿನ ಹತ್ತಿರದ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗುವವನು. ಅವನ ಕೋಣೆಗೂ ನಮ್ಮ ಆಫೀಸಿಗೂ ನಡುವೆ ಒಂದು ದೊಡ್ಡ ಅಂಗಳ, ಅಂಗಳದ ತುಂಬ ಎತ್ತಿನ ಗಾಡಿ, ಟ್ರ್ಯಾಕ್ಟರು. ಯಾವ ಊರಿನ ಗಾಡಿ ಮೊದಲು ಬಿಡಬೇಕೆಂಬ ಪಾಳಿ ನಮ್ಮ ಆಫೀಸಿನಿಂದ ಅವನಿಗೆ ಹೋಗಬೇಕು. ಅದನ್ನು ನಿರ್ಧರಿಸುವವರು ದೇಸಾಯಿ ಸಾಹೇಬರು.

ದೇಸಾಯಿ ಸಾಹೇಬರು ನಮ್ಮ ವಿಭಾಗದ ಮುಖ್ಯಸ್ಥರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಅವರ ಬೂಟಿನ ಸಪ್ಪಳಕ್ಕೆ ಆಫೀಸಿನ ಟೈಪ್‌ರೈಟರುಗಳು ತಾವಾಗಿ ಕುಟ್ಟತೊಡಗುತ್ತಿದ್ದವು. ಅವರು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ಹಲ್ಲು ಕಟ್ಟಿಸಿಕೊಂಡದ್ದರಿಂದ ನಗುವುದಿಲ್ಲ ಎಂದು ಕೆಲವರು, ನಗದೆ ಇದ್ದುದರಿಂದಲೇ ಹಲ್ಲು ಬೇಸತ್ತು ಬಿದ್ದವು ಎಂದು ಕೆಲವರು ಹೇಳುತ್ತಿದ್ದರು. ಆ ವರ್ಷ ನನ್ನನ್ನು ಕಾಯಂ ಮಾಡುವ ಕಾಗದ ಅವರ ಟೇಬಲ್ಲಿನ ಮೇಲಿತ್ತು. ನಾಲ್ಕು ವರ್ಷದ ಟೆಂಪರವರಿ ಬದುಕು, ಮನೆಯಲ್ಲಿ ಆಗಷ್ಟೇ ಹುಟ್ಟಿದ ಮಗಳು. ಹೆಂಡತಿ ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದಳು: "ಸಹಿ ಮಾಡಿದ್ರೇನು ಸಾಹೇಬ್ರು?" ಹಾಗಾಗಿ ನಾನು ಅವರ ಮುಂದೆ ಉಸಿರನ್ನೂ ಅಳೆದು ಬಿಡುತ್ತಿದ್ದೆ.

ಒಂದು ಸೋಮವಾರ ಸಾಹೇಬರು ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ ಬಂದರು. ಕಟ್ಟಿಸಿದ ಹಲ್ಲಿನ ಸೆಟ್ಟು ಬೆಳಿಗ್ಗೆ ತೊಳೆಯುವಾಗ ಕಲ್ಲಿನ ಮೇಲೆ ಬಿದ್ದು ಒಡೆದಿತ್ತು. ದುರಸ್ತಿಗೆ ಮಿರಜಿಗೆ ಕಳಿಸಿದ್ದರು. ಇದು ಅವರ ಜವಾನ ಮಲ್ಲಪ್ಪನಿಗೆ ಗೊತ್ತು, ಮಲ್ಲಪ್ಪನಿಂದ ನನಗೆ ಗೊತ್ತು. ಮಿಕ್ಕವರಿಗೆ ಗೊತ್ತಿರಲಿಲ್ಲ.

ಹತ್ತೂವರೆಯ ಸುಮಾರಿಗೆ ನನ್ನ ಪರದೆಯ ತಳದಲ್ಲಿ ದಸ್ತಗೀರನ ಮಾತು ಮೂಡಿತು. ನಲವತ್ತು ಅಕ್ಷರದ ಮಿತಿಯಿಂದಾಗಿ ಮೂರು ತುಂಡಾಗಿ ಬಂತು. "ಸಾಹೇಬ್ರು ಫೋನಿನ್ಯಾಗ ಉಗುಳ ಉಗುಳ ಅಂತಾರ." ಎರಡು ಕೀಲಿ ಒತ್ತಿದೆ. "ಬಾಯಾಗಿನ ಪಾನ ಉಗುಳಿ ಬಂದೆ." ಮತ್ತೆ ಒತ್ತಿದೆ. "ಮತ್ತೂ ಉಗುಳ ಅಂತಾರ. ಇನ್ನೇನ ಉಗುಳ್ಲಿ?"

ನನಗೆ ಕೂಡಲೇ ಅರ್ಥವಾಯಿತು. ಕೃಷ್ಣೆಯ ದಂಡೆಯ ಜುಗೂಳದ ರೈತರು ಬೆಳಗಿನಿಂದ ಗಾಡಿ ನಿಲ್ಲಿಸಿಕೊಂಡು ಕೂತಿದ್ದರು, ಅವರ ಕಬ್ಬು ಕಡಿದು ಎರಡು ದಿನವಾಗಿ ಒಣಗಲು ಹತ್ತಿತ್ತು. "ಜುಗೂಳದ ಗಾಡಿ ಬಿಡ್ರಿ" ಎಂಬ ಸಾಹೇಬರ ಆಜ್ಞೆ ಹಲ್ಲಿಲ್ಲದ ಬಾಯಿಂದ ಹೊರಟು, ಫೋನಿನ ಗೊರಗೊರದಲ್ಲಿ ಹಾದು, ದಸ್ತಗೀರನ ಕಿವಿ ಮುಟ್ಟುವಷ್ಟರಲ್ಲಿ ಉಗುಳಾಗಿತ್ತು. "ಉಗುಳ ಅಲ್ಲೋ, ಜುಗೂಳ. ಜುಗೂಳದ ಗಾಡಿ ಬಿಡು" ಎಂದು ಕಳಿಸಿದೆ. ಗಾಡಿಗಳು ಸರಿದವು. ಇಲ್ಲಿಗೆ ನಿಂತಿದ್ದರೆ ನಾನು ಜಾಣನೇ. ಆದರೆ ದಸ್ತಗೀರ ಬಿಡಲಿಲ್ಲ. "ಸಾಹೇಬ್ರ ಬಾಯಿಗೆ ಏನಾಗೇತಿ?" ಎಂದು ಕೇಳಿದ.

ಹಿಂದಿನ ಆಜ್ಞೆಗಳನ್ನು ಮತ್ತೆ ಟೈಪು ಮಾಡುವ ಕಷ್ಟವಿಲ್ಲದೆ ಮರಳಿ ತರಿಸಿಕೊಳ್ಳುವ ಒಂದು ಸೌಕರ್ಯ ಇತ್ತು. ಮೇಲ್ಮುಖದ ಬಾಣದ ಕೀಲಿ ಒತ್ತಿದರೆ ಈಗಷ್ಟೇ ಹೊಡೆದ ಸಾಲು ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಅದಕ್ಕೂ ಹಿಂದಿನದು. ನಾನು ಉತ್ಸಾಹದಲ್ಲಿ ಒಮ್ಮೆ ಒತ್ತುವಲ್ಲಿ ಎರಡು ಸಲ ಒತ್ತಿದೆ. ಬಂದದ್ದು ದಸ್ತಗೀರನಿಗೆ ಕಳಿಸಿದ ಸಾಲಲ್ಲ, ಬೆಳಿಗ್ಗೆ 'ಹನ್ನೊಂದಕ್ಕೆ ಎಲ್ಲರೂ ಕೆಲಸ ಸೇವ್ ಮಾಡಿರಿ' ಎಂದು ಇಡೀ ಆಫೀಸಿಗೆ ಕಳಿಸಿದ್ದ ಸಾಲು. ನಾನು ನಡುವಿನ ಮಾತನ್ನು ಅಳಿಸಿ ಹೊಸ ಮಾತು ತುಂಬಿದೆ. ಕೊನೆಯಲ್ಲಿದ್ದ 'ಎವ್ರಿವನ್' ನನ್ನನ್ನೇ ನೋಡುತ್ತಿತ್ತು, ನಾನು ಅದನ್ನು ನೋಡಲಿಲ್ಲ. ಎಂಟರ್ ಒತ್ತಿದೆ.

"ಸಾಹೇಬ್ರಿಗೆ ಹಲ್ಲಿಲ್ಲ. ಏನಂದ್ರೂ ಹೌದ್ರಿ ಅನ್ನು."

ಮರುಕ್ಷಣ ಅದೇ ಮಾತು ನನ್ನ ಪರದೆಯ ತಳದಲ್ಲೂ ಮೂಡಿತು, ಮುಂದೆ ನನ್ನದೇ ಹೆಸರು, ಅಣ್ಣಾಸಾಹೇಬ. ನಾನು ಕಳಿಸಿದ್ದು ನನಗೇ ಯಾಕೆ ಬಂತು ಎಂದು ಅರೆಗಳಿಗೆ ಯೋಚಿಸಿದೆ. ಆಮೇಲೆ ಪಕ್ಕದ ಟೇಬಲ್ಲಿನಲ್ಲಿ ಯಾರೋ ಕೆಮ್ಮಿದರು. ಅದರಾಚೆ ಇನ್ನೊಬ್ಬರು ಕೆಮ್ಮಿದರು. ಆಫೀಸಿಗೇ ನೆಗಡಿಯಾದಂತಾಯಿತು. ನನಗೆ ಉಳಿದಿದ್ದ ಆಸೆ ಒಂದೇ: ಸಾಹೇಬರು ತಮ್ಮ ಕಂಪ್ಯೂಟರನ್ನು ಎಂದೂ ಮುಟ್ಟಿದವರಲ್ಲ, ಅದರ ಮೇಲೆ ಸದಾ ಹೂವಿನ ಚಿತ್ತಾರದ ಬಟ್ಟೆ ಹೊದಿಸಿರುತ್ತಿತ್ತು. ಅಷ್ಟರಲ್ಲಿ ಮಲ್ಲಪ್ಪ ಬಂದ.

"ಅಣ್ಣಾಸಾಹೇಬ್ರ, ಸಾಹೇಬ್ರು ಕರದಾರ. ಕಂಪ್ಯೂಟರ್ ನಿಂತೈತಂತ."

"ಅದನ್ನ ಚಾಲೂ ಮಾಡಿದವರು ಯಾರೋ?"

"ಅವ್ರ ಮಾಡ್ಯಾರ್ರಿ. ಫೋನಿನ್ಯಾಗ ಯಾರಿಗೂ ತಿಳೀವಲ್ದಲ್ಲ, ಪಾಳಿ ಪಟ್ಟಿ ಅದರಾಗ ನೋಡಾಕತ್ತಿದ್ರು."

ಎರಡು ವರ್ಷ ಬಟ್ಟೆ ಹೊದ್ದು ಮಲಗಿದ್ದ ಯಂತ್ರಕ್ಕೆ ಎಚ್ಚರವಾಗಲು ಇದೇ ದಿನ ಬೇಕಿತ್ತೆ! ಒಳಗೆ ಹೋದೆ. ಸಾಹೇಬರು ಕರವಸ್ತ್ರ ಬಾಯಿಗೆ ಹಿಡಿದು ಪರದೆಯ ತಳಕ್ಕೆ ಬೆರಳು ತೋರಿಸಿದರು. ಒಂದು ಕಾಗದದ ಮೇಲೆ "ಇದನ್ನು ತೆಗೆಯಿರಿ" ಎಂದು ಬರೆದು ನನ್ನ ಕಡೆ ಸರಿಸಿದರು. ನಾನು ಎರಡು ಕೀಲಿ ಒತ್ತಿದೆ. ಸಾಲು ಹೋಯಿತು. ಅವರು ಮತ್ತೆ ಬರೆದರು: "ಎಷ್ಟು ಮಂದಿಗೆ ಹೋಗಿದೆ?"

"ನಿಮ್ಮನ್ನ ಹಿಡದು ಎಂಟ ಮಂದಿಗ್ರಿ."

"ವಾಪಸ್ ತರಿಸಿರಿ."

ನನ್ನ ವಹಿಯ ಮೂವತ್ತೆರಡೂ ಆಜ್ಞೆಗಳು ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಬಾಗಿಲು ತೆರೆಯುವುದು, ಮುಚ್ಚುವುದು, ಹೆಸರು ಸೇರಿಸುವುದು, ತೆಗೆಯುವುದು, ನಕಲು ಮಾಡುವುದು ಎಲ್ಲ ಇತ್ತು. ಆಡಿದ ಮಾತನ್ನು ವಾಪಸ್ ತರಿಸುವುದು ಮಾತ್ರ ಇರಲಿಲ್ಲ. "ಹಂಗ ಬರೂದಿಲ್ರಿ ಸರ್. ತಪ್ಪಾತ್ರಿ. ದಸ್ತಗೀರಗ ಅಷ್ಟ ಕಳಸಬೇಕಂತ ಮಾಡಿದ್ದೆ," ಎಂದೆ. ಟೇಬಲ್ಲಿನ ಮೂಲೆಯಲ್ಲಿ ನನ್ನ ಕಾಯಂ ಕಾಗದ ಗಾಜಿನ ಗುಂಡಿನ ಕೆಳಗೆ ಇತ್ತು. ಅದನ್ನು ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಸಾಹೇಬರು ಕಿಟಕಿಯ ಆಚೆ ಸರಿಯುತ್ತಿದ್ದ ಜುಗೂಳದ ಗಾಡಿಗಳ ಕಡೆ ಒಮ್ಮೆ ನೋಡಿದರು. ನಂತರ ಬರೆದರು: "ಇದನ್ನು ಹ್ಯಾಗೆ ಕಳಿಸುತ್ತಾರೆ, ನನಗೆ ತೋರಿಸಿರಿ."

ತೋರಿಸಿದೆ. ಅವರು ಒಂದೇ ಬೆರಳಿನಿಂದ, ಪ್ರತಿ ಅಕ್ಷರವನ್ನೂ ಕೀಲಿಮಣೆಯಲ್ಲಿ ಹುಡುಕಿ ಹುಡುಕಿ ಒತ್ತಿದರು. ಹತ್ತು ನಿಮಿಷ ಹಿಡಿಯಿತು. ನನ್ನನ್ನು ಕೆಲಸದಿಂದ ತೆಗೆದ ಆದೇಶವೇ ಇರಬೇಕೆಂದು ನಾನು ಗೋಡೆ ನೋಡುತ್ತ ನಿಂತೆ. ಕೊನೆಗೆ ಪರದೆ ನೋಡಿದಾಗ ಹೀಗಿತ್ತು: "ಹೌದು, ಹಲ್ಲಿಲ್ಲ. ಶನಿವಾರ ಬರ್ತಾವ. ತಾಳ್ರಿ." ಸಾಲಿನ ತುದಿಗೆ ಎವ್ರಿವನ್. ನಾನು ಬೇಡ ಎನ್ನುವಷ್ಟರಲ್ಲಿ ಎಂಟರ್ ಒತ್ತಿಬಿಟ್ಟರು.

ಸ್ವಲ್ಪ ಹೊತ್ತಿಗೆ ಸಾಹೇಬರ ಪರದೆಯ ತಳದಲ್ಲಿ ಕಾಟಾದಿಂದ ಉತ್ತರ ಮೂಡಿತು: "ಹೌದ್ರಿ." ದಸ್ತಗೀರ! ಎರಡು ಕೀಲಿ ಒತ್ತಿದರು, ಅದು ಹೋಯಿತು, ಅದರ ಹಿಂದೆಯೇ ಇನ್ನೊಬ್ಬರ "ಹೌದ್ರಿ." ಒತ್ತಿದರೆ ಮತ್ತೊಬ್ಬರದು. ಹೀಗೆ ಆರು ಯಂತ್ರದಿಂದ ಆರು ಹೌದ್ರಿ ಬಂದವು. ಆರನೆಯದಕ್ಕೆ ಸಾಹೇಬರ ಭುಜ ಕುಲುಕತೊಡಗಿತು, ಕರವಸ್ತ್ರ ಜಾರಿ ಟೇಬಲ್ಲಿನ ಮೇಲೆ ಬಿತ್ತು. ಅವರು ನಗುತ್ತಿದ್ದರು. ನನ್ನ ಮೂರು ತಿಂಗಳ ಮಗಳು ತೊಟ್ಟಿಲಲ್ಲಿ ನಗುತ್ತಾಳಲ್ಲ, ಥೇಟ್ ಹಾಗೆ, ಬರೀ ವಸಡಿನ ನಗು. ಬಾಗಿಲಲ್ಲಿ ನಿಂತಿದ್ದ ಮಲ್ಲಪ್ಪ ಟೊಪ್ಪಿಗೆ ತೆಗೆದು ಕೈಮುಗಿದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಶನಿವಾರ ಹಲ್ಲು ಬಂದವು, ಸಿಡುಕೂ ಬಂತು. ಆದರೆ ಕಂಪ್ಯೂಟರಿನ ಮೇಲೆ ಮತ್ತೆ ಬಟ್ಟೆ ಬೀಳಲಿಲ್ಲ. ಎದುರು ನಿಂತರೆ ಗುಡುಗುವ ಸಾಹೇಬರು ಪರದೆಯ ತಳದಲ್ಲಿ ಬೇರೆಯೇ ಮನುಷ್ಯರಾಗಿದ್ದರು. "ಇಂದು ಯಾರ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಐತಿ?" ಎಂದು ಮಧ್ಯಾಹ್ನ ಎಲ್ಲರಿಗೂ ಕೇಳುತ್ತಿದ್ದರು. ಅವರ ಪತ್ನಿ ತೀರಿಕೊಂಡು ಬಹಳ ವರ್ಷವಾಗಿತ್ತೆಂದೂ, ಮೆಸ್ಸಿನ ಊಟ ಅವರಿಗೆ ಸೇರುತ್ತಿರಲಿಲ್ಲವೆಂದೂ ನಮಗೆ ತಿಳಿದದ್ದು ಆಗಲೇ. ನನ್ನ ಕಾಗದಕ್ಕೆ ಆ ತಿಂಗಳ ಕೊನೆಯಲ್ಲಿ ಸಹಿ ಬಿತ್ತು. ಷರಾ ಹೀಗಿತ್ತು: "ನಂಬಿಗಸ್ತ ನೌಕರ. ಸಾಲಿನ ಕೊನೆಯನ್ನು ನೋಡುವ ರೂಢಿ ಮಾಡಿಕೊಳ್ಳತಕ್ಕದ್ದು."

ನಾಲ್ಕು ವರ್ಷಕ್ಕೆ ಸಾಹೇಬರು ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಹೋಗುವ ದಿನ, "ನನ್ನ ಹೆಸರು ಅದರಾಗಿಂದ ತಗದು ಬಿಡ್ರಿ ಅಣ್ಣಾಸಾಹೇಬ, ಜಾಗಾ ಹಿಡದೀತು," ಎಂದರು. ತೆಗೆಯುತ್ತೇನೆಂದೆ. ತೆಗೆಯಲಿಲ್ಲ. ಇಂದು ನಾಳೆ ಎನ್ನುತ್ತ ಮುಂದೂಡಿದೆ. ಒಂದು ವರ್ಷದ ಮೇಲೆ ಧಾರವಾಡದಿಂದ ಅವರು ತೀರಿಕೊಂಡ ಸುದ್ದಿ ಬಂತು. ಆಮೇಲಂತೂ ಆ ಹೆಸರಿನ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ಹಳೆಯ ಯಂತ್ರಗಳನ್ನು ಬದಲಿಸುವ ಹೊತ್ತಿಗೆ ಬೆಂಗಳೂರಿನಿಂದ ಹೊಸ ಇಂಜಿನಿಯರ್ ಬಂದ. ಹೆಸರುಗಳ ಪಟ್ಟಿ ತೆಗೆದು, "ಸಾರ್, ಇವರು ಯಾರು? ಎರಡು ವರ್ಷದಿಂದ ಲಾಗಿನ್ನೇ ಆಗಿಲ್ವಲ್ಲ?" ಎಂದ.

"ರಜೆ ಮ್ಯಾಲ ಅದಾರ್ರಿ," ಎಂದೆ.

"ಎರಡು ವರ್ಷ ರಜೇನಾ? ತೆಗೆದುಬಿಡ್ಲಾ?"

ನಾನು ನನ್ನ ಹಳೆಯ ವಹಿಯ ಹಾಳೆ ತಿರುವತೊಡಗಿದೆ. ಅವನು ಒಂದು ಸಾಲು ಹೊಡೆದ. ಯಂತ್ರ 'ಖಾತ್ರಿಯೇ?' ಎಂದು ಕೇಳಿತು, ಅವನು ಹೂಂ ಎಂದ, ಹೆಸರು ಹೋಯಿತು. ಅರ್ಧ ಸೆಕೆಂಡಿನ ಕೆಲಸ. ಅವನು ತಿರುಗಿ ನನ್ನ ಮುಖ ನೋಡಿ ಗಾಬರಿಯಾದ. "ಏನಾಯ್ತು ಸಾರ್, ಕಣ್ಣಲ್ಲಿ ನೀರು?"

"ಏನಿಲ್ರಿ. ಕಾರ್ಖಾನಿ ಚಿಮಣಿ ಬೂದಿ ಹಾರತೈತ್ರಿ ಇಲ್ಲಿ, ಕಣ್ಣಾಗ ಬೀಳತೈತಿ," ಎಂದೆ.

ಪಾಪ, ಬೆಂಗಳೂರಿನ ಹುಡುಗ. ನಂಬಿ, ಎದ್ದು ಹೋಗಿ ಕಿಟಕಿ ಮುಚ್ಚಿದ. ಕಬ್ಬಿನ ಹಂಗಾಮು ಮುಗಿದು, ಕಾರ್ಖಾನೆ ಬಂದ್ ಆಗಿ ಆಗ ಎರಡು ತಿಂಗಳಾಗಿತ್ತು.